ಹಾಡಿನಲ್ಲಿ ಉಳಿದುಕೊಂಡ ನಾಡು

ಬಾಲ್ಟಿಕ್ ಸಮುದ್ರದ ಪೂರ್ವ ದಂಡೆಯಲ್ಲಿರುವ ಎಸ್ಟೋನಿಯಾ 14 ಲಕ್ಷಕ್ಕಿಂತ ಕಡಿಮೆ ಜನರಿರುವ ಪುಟ್ಟ ದೇಶ. ಡೇನರು, ಸ್ವೀಡನ್ನಿನ ದೊರೆಗಳು, ಜರ್ಮನ್ ಜಮೀನ್ದಾರರು, ರಷ್ಯದ ಝಾರ್‌ಗಳು, ಹಿಟ್ಲರನ ಪಡೆಗಳು, ಸೋವಿಯತ್ ಆಡಳಿತ- ಹೀಗೆ ಶತಮಾನಗಳ ಕಾಲ ಅದನ್ನು ಆಳಿದವರು ಹೊರಗಿನವರೇ. ಆದರೂ ಆ ಜನರ ಭಾಷೆ ಅಳಿಯಲಿಲ್ಲ. ಅದು ಉಳಿದ ಬಗೆಯನ್ನು ಅರಿಯಲು ಆ ನಾಡಿನ ಸಾಕ್ಷ್ಯಚಿತ್ರ, ಚಲನಚಿತ್ರ ಮತ್ತು ಧ್ವನಿಮುದ್ರಿಕೆಗಳು ಒಳ್ಳೆಯ ದಾರಿ. ಹೊಸದಾಗಿ ಆರಂಭಿಸುವವರಿಗೆ ಸ್ವಲ್ಪ ಇತಿಹಾಸ ಗೊತ್ತಿದ್ದರೆ ಸಾಕು.

ಕಥೆ ಶುರುವಾಗುವುದು 1869ರಲ್ಲಿ, ತಾರ್ತು ನಗರದಲ್ಲಿ. ಆಗ ಎಸ್ಟೋನಿಯನ್ನರಲ್ಲಿ ಬಹುಪಾಲು ಜನ ರೈತಾಪಿಗಳು. ಭೂಮಿಯ ಒಡೆತನ ಜರ್ಮನರದು. ಜೀತಪದ್ಧತಿ ರದ್ದಾಗಿ 50 ವರ್ಷ ತುಂಬಿದ ನೆಪದಲ್ಲಿ ಪತ್ರಿಕಾ ಸಂಪಾದಕ ಯೊಹಾನ್ ವೊಲ್ಡೆಮಾರ್ ಯಾನ್ಸೆನ್ ಮೊದಲ ಗೀತೋತ್ಸವವನ್ನು ಏರ್ಪಡಿಸಿದ. ಗಾಯಕರು, ವಾದ್ಯಗಾರರು ಸೇರಿ 800ಕ್ಕೂ ಹೆಚ್ಚು ಮಂದಿ, ಎಲ್ಲರೂ ಗಂಡಸರು. ಆದರೆ ಅಂದು ಹಾಡಿದವುಗಳಲ್ಲಿ ಯಾನ್ಸೆನ್‌ನ ಮಗಳು, ಕವಯಿತ್ರಿ ಲಿಡಿಯಾ ಕೊಯ್ದುಲಾ ಬರೆದ ಹಾಡುಗಳೂ ಇದ್ದವು. ರೈತರ ನುಡಿ ವೇದಿಕೆ ಏರಿತು. ತಾವೂ ಒಂದು ಜನಾಂಗ ಎಂಬ ಅರಿವು ಅದರೊಂದಿಗೆ ಮೂಡಿತು.

1918ರಲ್ಲಿ ಪಡೆದ ಸ್ವಾತಂತ್ರ್ಯ 1940ರ ಸೋವಿಯತ್ ಆಕ್ರಮಣದೊಂದಿಗೆ ಕೊನೆಗೊಂಡಿತು. ಹೊಸ ಆಡಳಿತ ಗೀತೋತ್ಸವವನ್ನು ನಿಲ್ಲಿಸಲಿಲ್ಲ. ಅದರಲ್ಲಿ ಪಕ್ಷದ ಹೊಗಳಿಕೆಯ ಹಾಡುಗಳನ್ನು ತುಂಬಿತು. ತಾಯ್ನಾಡನ್ನು ಕುರಿತ ಕೊಯ್ದುಲಾಳ ಕವಿತೆಯೊಂದಕ್ಕೆ ಗುಸ್ತಾವ್ ಎರ್ನೆಸಾಕ್ಸ್ 1944ರಲ್ಲಿ ರಾಗ ಹಾಕಿದ್ದ. 1947ರ ಉತ್ಸವದಲ್ಲಿ ಅದನ್ನು ಹಾಡಲಾಯಿತು. ಬಳಿಕ ಕಾರ್ಯಕ್ರಮ ಪಟ್ಟಿಯಿಂದ ಅದು ಮಾಯವಾಯಿತು. 1960ರಲ್ಲಿ ಜನ ಯಾರ ಅಪ್ಪಣೆಗೂ ಕಾಯದೆ ಅದನ್ನೇ ಹಾಡಿದರು. 1988ರ ಸೆಪ್ಟೆಂಬರ್ 11ರಂದು ರಾಜಧಾನಿ ತಾಲಿನ್‌ನ ಗೀತೋತ್ಸವ ಮೈದಾನದಲ್ಲಿ ಲಕ್ಷಾಂತರ ಜನ ನೆರೆದಾಗ ಸ್ವಾತಂತ್ರ್ಯದ ಬೇಡಿಕೆ ಬಹಿರಂಗವಾಗಿ ಕೇಳಿಬಂತು. 1991ರ ಆಗಸ್ಟ್ 20ರಂದು ಅದು ಕೈಗೂಡಿತು.

ಈ ಕಥೆಯನ್ನು ಹೇಳುವ ‘ದಿ ಸಿಂಗಿಂಗ್ ರೆವಲ್ಯೂಷನ್’ (2006) ಎಂಬ ಸಾಕ್ಷ್ಯಚಿತ್ರ ಹೊಸಬರು ಮೊದಲು ನೋಡಬೇಕಾದದ್ದು. ನಿರ್ದೇಶಕರು ಜೇಮ್ಸ್ ಟಸ್ಟಿ ಮತ್ತು ಮೊರೀನ್ ಕ್ಯಾಸಲ್ ಟಸ್ಟಿ. ಆದರೆ ಹಾಡೊಂದೇ ಸಾಮ್ರಾಜ್ಯವನ್ನು ಉರುಳಿಸಿತು ಎಂದು ಭಾವಿಸಬೇಕಾಗಿಲ್ಲ. ಗೋರ್ಬಚೆವ್ ಅವರ ಸುಧಾರಣೆಗಳು, 1991ರ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ವಿಫಲವಾದ ಕ್ಷಿಪ್ರಕ್ರಾಂತಿ, ಇವೂ ಕಾರಣ. ಟಿ.ವಿ.ಯ ಪಾತ್ರವೂ ಇತ್ತು ಎನ್ನುತ್ತದೆ ಯಾಕ್ ಕಿಲ್ಮಿಯ ‘ಡಿಸ್ಕೊ ಅಂಡ್ ಅಟಾಮಿಕ್ ವಾರ್’ (2009). ಸುಮಾರು 80 ಕಿಲೋಮೀಟರ್ ಕಡಲು ದಾಟಿ ಬರುತ್ತಿದ್ದ ಫಿನ್ಲೆಂಡಿನ ಟಿ.ವಿ.ಯಲ್ಲಿ ತಾಲಿನ್‌ನ ಜನ ‘ಡಲ್ಲಾಸ್’ ಧಾರಾವಾಹಿ ನೋಡುತ್ತಿದ್ದರು. ಫಿನ್ನಿಶ್ ತಮ್ಮ ಭಾಷೆಯ ಬಂಧುವಾದ್ದರಿಂದ ಅರ್ಥವೂ ಆಗುತ್ತಿತ್ತು. ಚಿತ್ರ ವಾಸ್ತವಕ್ಕೆ ತಮಾಷೆ ಬೆರೆಸುತ್ತದೆ. ಹಾಗೆಂದು ತಿಳಿದೇ ನೋಡಬೇಕು.

ಕಥಾಚಿತ್ರಗಳಲ್ಲಿ ಮಾರ್ತಿ ಹೆಲ್ದೆಯ ‘ಇನ್ ದ ಕ್ರಾಸ್‌ವಿಂಡ್’ (2014) ಮರೆಯಲಾಗದ್ದು. 1941ರ ಜೂನ್ 14ರಂದು ಎಸ್ಟೋನಿಯಾದಿಂದ ಸುಮಾರು 10,000 ಜನರನ್ನು ಮನೆಗಳಿಂದ ಎಬ್ಬಿಸಿ ರೈಲಿನಲ್ಲಿ ತುಂಬಿ ಗಡೀಪಾರು ಮಾಡಲಾಯಿತು. ಈ ಕಪ್ಪು ಬಿಳುಪು ಚಿತ್ರದ ಹಲವು ದೃಶ್ಯಗಳಲ್ಲಿ ನಟರು ಕಲ್ಲಾದಂತೆ ನಿಂತಿರುತ್ತಾರೆ. ಕ್ಯಾಮೆರಾ ಮಾತ್ರ ಚಲಿಸುತ್ತದೆ. ಸೈಬೀರಿಯಾ ಸೇರಿದ ಹೆಂಡತಿ ಗಂಡನಿಗೆ ಬರೆದ ಪತ್ರಗಳು ಕೇಳಿಸುತ್ತವೆ. ಕಾಲವೇ ನಿಂತುಹೋದವರ ಪಾಡು ಹೀಗಲ್ಲದೆ ಬೇರೆ ರೀತಿ ಹೇಳಲು ಬಾರದೇನೋ. ಆಸ್ಕರ್‌ಗೆ ನಾಮಕರಣಗೊಂಡ ‘ಟ್ಯಾಂಜರಿನ್ಸ್’ (2013) ಜಾರ್ಜಿಯದ ಜಾಜಾ ಉರುಷಾದ್ಜೆಯ ಚಿತ್ರ. ಅಬ್ಖಾಜಿಯದಲ್ಲಿ 19ನೇ ಶತಮಾನದಿಂದ ಎಸ್ಟೋನಿಯನ್ ಹಳ್ಳಿಗಳಿದ್ದವು. 1992ರ ಯುದ್ಧದಲ್ಲಿ ಅಂಥದೊಂದು ಹಳ್ಳಿ ಬಿಡದೆ ಉಳಿದ ಬಡಗಿ ಇವೊ, ಗಾಯಗೊಂಡ ಇಬ್ಬರು ಶತ್ರುಗಳನ್ನು ಒಂದೇ ಸೂರಿನಡಿ ಆರೈಕೆ ಮಾಡುತ್ತಾನೆ. ತನ್ನದಲ್ಲದ ಯುದ್ಧಗಳಲ್ಲಿ ಸಿಕ್ಕಿಬಿದ್ದ ಸಣ್ಣ ಜನಾಂಗದ ವಿವೇಕ ಅವನಲ್ಲಿದೆ.

ಧ್ವನಿಮುದ್ರಿಕೆಗಳಲ್ಲಿ ಆರ್ವೊ ಪ್ಯಾರ್ಟ್ ಅವರ ‘ತಬುಲಾ ರಸಾ’ (1984) ಜಗತ್ತಿಗೆಲ್ಲ ಪರಿಚಿತ. 1980ರಲ್ಲಿ ದೇಶ ತೊರೆದ ಅವರ ಸಂಗೀತದಲ್ಲಿ ಸ್ವರಗಳು ಕಡಿಮೆ, ಮೌನ ಹೆಚ್ಚು. ಆದರೆ ಎಸ್ಟೋನಿಯಾದ ಬೇರನ್ನು ಮುಟ್ಟಬೇಕಾದರೆ ವೆಲ್ಯೊ ತೋರ್ಮಿಸ್ (1930-2017) ಅವರನ್ನು ಕೇಳಬೇಕು. ಮುಂದಾಳು ಹಾಡಿದ ಸೊಲ್ಲನ್ನು ಹಿಮ್ಮೇಳದವರು ಎತ್ತಿಕೊಳ್ಳುವ ‘ರೆಗಿಲಾವುಲ್’ ಎಂಬ ಪ್ರಾಚೀನ ಜನಪದ ಗಾಯನವನ್ನು ಅವರು ವೃಂದಗಾನಕ್ಕೆ ತಂದರು. ಸೋದರ ಭಾಷೆಗಳನ್ನಾಡುವ ಆರು ಸಣ್ಣ ಜನಾಂಗಗಳ ಹಾಡುಗಳನ್ನು ಆಧರಿಸಿ ಅವರು ರಚಿಸಿದ ‘ಫಾರ್ಗಾಟನ್ ಪೀಪಲ್ಸ್’ನ ಧ್ವನಿಮುದ್ರಿಕೆಯನ್ನು ಇಸಿಎಂ ಕಂಪನಿ 1992ರಲ್ಲಿ ಹೊರತಂದಿತು. ತೋನು ಕಾಲ್ಯುಸ್ತೆ ಅದರ ನಿರ್ದೇಶಕರು.

ಆ ಆರರಲ್ಲಿ ಒಂದು ಲಾಟ್ವಿಯಾದ ಕಡಲಂಚಿನ ಲಿವೋನಿಯನ್ ಜನಾಂಗ. ಲಿವೋನಿಯನ್ ಮಾತೃಭಾಷೆಯಾಗಿದ್ದ ಕೊನೆಯ ವ್ಯಕ್ತಿ 2013ರಲ್ಲಿ ದೂರದ ಕೆನಡಾದಲ್ಲಿ ತೀರಿಕೊಂಡರು. ಎಸ್ಟೋನಿಯನ್ ಭಾಷೆಗೂ ಇದೇ ಗತಿ ಬರಬಹುದಿತ್ತು. ಬರಲಿಲ್ಲವೇಕೆ ಎಂಬುದಕ್ಕೆ ಉತ್ತರ ಗೀತೋತ್ಸವದ ಮೈದಾನದಲ್ಲಿದೆ; ಬಂದಿದ್ದರೆ ಏನು ಕಳೆದುಹೋಗುತ್ತಿತ್ತು ಎಂಬುದಕ್ಕೆ ಉತ್ತರ ಈ ಧ್ವನಿಮುದ್ರಿಕೆಯಲ್ಲಿದೆ.