ರೈಲ್ವೆ ಜಾಹೀರಾತು

ರೈಲ್ವೆ ಜಾಹೀರಾತು ಎಂದರೆ ರೈಲು ಸಂಸ್ಥೆಗಳು ತಮ್ಮ ಸೇವೆ, ದರ, ಪ್ರವಾಸಿ ತಾಣ ಅಥವಾ ಸುರಕ್ಷತಾ ನಿಯಮಗಳನ್ನು ಜನರಿಗೆ ತಿಳಿಸಲು ಹೊರಡಿಸುವ ಭಿತ್ತಿಪತ್ರ, ಚಿತ್ರತುಣುಕು ಹಾಗೂ ಧ್ವನಿ ಪ್ರಕಟಣೆ. ನಿಲ್ದಾಣಗಳಲ್ಲಿಯೂ ಬೋಗಿಗಳಲ್ಲಿಯೂ ಇತರ ಕಂಪನಿಗಳು ಹಣ ತೆತ್ತು ಪ್ರದರ್ಶಿಸುವ ಪ್ರಚಾರವನ್ನೂ ಇದೇ ಹೆಸರಿನಿಂದ ಕರೆಯುವುದುಂಟು. ಸಾಬೂನು ಅಥವಾ ಚಹಾಪುಡಿಯ ಜಾಹೀರಾತಿಗೂ ಇದಕ್ಕೂ ಎರಡು ಮುಖ್ಯ ವ್ಯತ್ಯಾಸಗಳಿವೆ. ರೈಲಿನಲ್ಲಿ ಕುಳಿತವನು ಬೇಡವೆನಿಸಿದಾಗ ಪುಟ ತಿರುಗಿಸುವಂತಿಲ್ಲ, ಎದ್ದು ಹೋಗುವಂತೆಯೂ ಇಲ್ಲ. ಅಲ್ಲದೆ, ಜಾಹೀರಾತು ನೀಡುವ ಭರವಸೆ ನಿಜವೋ ಸುಳ್ಳೋ ಎಂಬುದನ್ನು ಅವನು ಅದೇ ಪ್ಲಾಟ್‌ಫಾರ್ಮಿನಲ್ಲಿ, ಅದೇ ಗಳಿಗೆಯಲ್ಲಿ ಪರೀಕ್ಷಿಸಿ ನೋಡಬಲ್ಲ. ಕೆಲವು ರೈಲ್ವೆ ಜಾಹೀರಾತುಗಳು ತಲೆಮಾರುಗಳ ಕಾಲ ನೆನಪಿನಲ್ಲಿ ಉಳಿಯುವುದಕ್ಕೂ ಕೆಲವು ಜನರ ಸಿಟ್ಟಿಗೆ ಗುರಿಯಾಗುವುದಕ್ಕೂ ಬಹುಮಟ್ಟಿಗೆ ಈ ಎರಡು ಸಂಗತಿಗಳೇ ಕಾರಣ.

ಭಿತ್ತಿಪತ್ರಗಳ ಕಾಲ

ಆರಂಭದ ರೈಲ್ವೆ ಪ್ರಕಟಣೆಗಳು ವೇಳಾಪಟ್ಟಿ ಮತ್ತು ದರಗಳಿಂದ ಕಿಕ್ಕಿರಿದ ಅಕ್ಷರಗಳ ಹಾಳೆಗಳಾಗಿದ್ದವು. ಈ ರೂಢಿಯನ್ನು ಮುರಿದವುಗಳಲ್ಲಿ ಇಂಗ್ಲೆಂಡಿನ ಗ್ರೇಟ್ ನಾರ್ದರ್ನ್ ರೈಲ್ವೆಯು 1908ರಲ್ಲಿ ಹೊರಡಿಸಿದ ಸ್ಕೆಗ್ನೆಸ್ ಭಿತ್ತಿಪತ್ರ ಪ್ರಸಿದ್ಧವಾದುದು. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಪೂರ್ವ ಕರಾವಳಿಯ ಈ ಸಣ್ಣ ಊರಿಗೆ ಮೂರು ಷಿಲಿಂಗ್ ದರದ ವಿಹಾರ ರೈಲುಗಳನ್ನು ಓಡಿಸಿದಾಗ ಜಾನ್ ಹ್ಯಾಸಲ್ ಎಂಬ ಚಿತ್ರಕಾರನು ಇದನ್ನು ರಚಿಸಿದನು. ಅವನಿಗೆ ದೊರೆತ ಸಂಭಾವನೆ 12 ಗಿನಿ. ದಪ್ಪ ಹೊಟ್ಟೆಯ ಮೀನುಗಾರನೊಬ್ಬನು ಮಂಡಿಯುದ್ದದ ಬೂಟು ತೊಟ್ಟು, ತೋಳು ಚಾಚಿ, ಮರಳಿನ ಮೇಲೆ ಕುಣಿದು ಬರುವ ಚಿತ್ರವದು. ಕೆಳಗೆ ‘ಸ್ಕೆಗ್ನೆಸ್ ಈಸ್ ಸೋ ಬ್ರೇಸಿಂಗ್’ ಎಂಬ ಒಂದೇ ಸಾಲು. ‘ಮೈಗೆ ಹುರುಪು ತರುವ ಗಾಳಿ’ ಎಂಬುದು ಅದರ ಭಾವ.

ಸ್ಕೆಗ್ನೆಸ್‌ನ ಗಾಳಿ ನಿಜಕ್ಕೂ ಚಳಿ ಹುಟ್ಟಿಸುವಂಥದು. ಹ್ಯಾಸಲ್ ಆ ಕೊರತೆಯನ್ನು ಮುಚ್ಚಿಡದೆ ಅದನ್ನೇ ಊರಿನ ಹೆಚ್ಚುಗಾರಿಕೆಯನ್ನಾಗಿ ತಿರುಗಿಸಿದನು. ಆದುದರಿಂದ ಅಲ್ಲಿ ಹೋಗಿ ನಡುಗಿದ ಪ್ರವಾಸಿಗೂ ಮೋಸಹೋದೆನೆಂಬ ಭಾವನೆ ಬರುವಂತಿರಲಿಲ್ಲ. ಚಿತ್ರದಲ್ಲಿ ರೈಲೇ ಇಲ್ಲ ಎಂಬುದೂ ಗಮನಾರ್ಹ. ಹ್ಯಾಸಲ್ ಆ ಊರನ್ನು ಮೊದಲ ಬಾರಿ ಕಂಡದ್ದು 1936ರಲ್ಲಿ, ಅಂದರೆ ಚಿತ್ರ ಬರೆದು 28 ವರ್ಷಗಳಾದ ಮೇಲೆ! ಆ ಮೀನುಗಾರನು ಇಂದಿಗೂ ಸ್ಕೆಗ್ನೆಸ್ ಪಟ್ಟಣದ ಗುರುತಾಗಿದ್ದಾನೆ.

ಅದೇ 1908ರಲ್ಲಿ ಲಂಡನ್ನಿನ ನೆಲದಡಿಯ ರೈಲುಗಳ ಪ್ರಚಾರದ ಹೊಣೆ ಫ್ರಾಂಕ್ ಪಿಕ್ ಎಂಬ ಅಧಿಕಾರಿಯ ಕೈಗೆ ಬಂತು. ಆಗ ನಿಲ್ದಾಣದ ಗೋಡೆಗಳು ಜಾಹೀರಾತುಗಳಿಂದ ಎಷ್ಟು ತುಂಬಿಹೋಗಿದ್ದವೆಂದರೆ ಪ್ರಯಾಣಿಕರಿಗೆ ನಿಲ್ದಾಣದ ಹೆಸರನ್ನು ಹುಡುಕುವುದೇ ಕಷ್ಟವಾಗಿತ್ತು. ಕೆಂಪು ವೃತ್ತದ ಮೇಲೆ ನೀಲಿ ಪಟ್ಟಿಯಿರುವ ಹೆಸರು ಫಲಕವು ಈ ತೊಂದರೆಗೆ ಪರಿಹಾರವಾಗಿ ಬಂದುದು. ಇಂದು ಲಂಡನ್ ನಗರದ ಲಾಂಛನದಂತೆ ಜಗತ್ತಿಗೆಲ್ಲ ಪರಿಚಿತವಾಗಿರುವ ಆ ಗುರುತಿನ ಮೂಲ ಉದ್ದೇಶ, ಜಾಹೀರಾತುಗಳ ಗದ್ದಲದ ನಡುವೆ ಊರಿನ ಹೆಸರು ಎದ್ದು ಕಾಣಬೇಕೆಂಬುದು. ಪಿಕ್ ಭಿತ್ತಿಪತ್ರಗಳಿಗೆ ಪ್ರತ್ಯೇಕ ಜಾಗಗಳನ್ನು ಗೊತ್ತುಮಾಡಿ, ಒಳ್ಳೆಯ ಕಲಾವಿದರಿಂದ ಚಿತ್ರ ಬರೆಯಿಸಿದನು. ಮುಂದೆ ಎಲ್‌ಎಂಎಸ್ ಮತ್ತು ಎಲ್‌ಎನ್‌ಇಆರ್ ಎಂಬ ದೊಡ್ಡ ರೈಲ್ವೆ ಕಂಪನಿಗಳೂ ಇದೇ ದಾರಿಯನ್ನು ಹಿಡಿದವು.

ನೆನಪಿನಲ್ಲಿ ಉಳಿಯುವ ಬಗೆ

ಒಂದೇ ಬಗೆಯ ವಸ್ತುಗಳ ನಡುವೆ ಭಿನ್ನವಾದುದೊಂದು ಇದ್ದರೆ ಅದು ಹೆಚ್ಚು ನೆನಪಿರುತ್ತದೆಯೆಂದು ಜರ್ಮನಿಯ ಮನೋವಿಜ್ಞಾನಿ ಹೆಡ್ವಿಗ್ ಫಾನ್ ರೆಸ್ಟಾರ್ಫ್ 1933ರಲ್ಲಿ ತೋರಿಸಿದಳು. ಅಕ್ಷರಗಳ ರಾಶಿಯ ನಡುವೆ ಕುಣಿಯುವ ಮೀನುಗಾರನು ಎದ್ದು ಕಂಡುದಕ್ಕೆ ಇದೊಂದು ವಿವರಣೆ. ಆದರೆ ಭಿನ್ನತೆಯೊಂದೇ ಸಾಲದು. ಜನರ ನೆನಪಿನಲ್ಲಿ ನಿಂತ ರೈಲ್ವೆ ಜಾಹೀರಾತುಗಳಲ್ಲಿ ಅನೇಕವು ರೈಲಿನ ವೇಗವನ್ನಾಗಲಿ ದರವನ್ನಾಗಲಿ ಹೊಗಳುವುದಿಲ್ಲ. ಅವು ತೋರಿಸುವುದು ಅಗಲಿಕೆ, ಕಾಯುವಿಕೆ, ಮನೆಗೆ ಮರಳುವ ಸಂಭ್ರಮ.

ಜಪಾನಿನ ಜೆಆರ್ ತೋಕೈ ಸಂಸ್ಥೆಯು 1988ರಿಂದ 1992ರವರೆಗೆ ಪ್ರತಿ ಕ್ರಿಸ್‌ಮಸ್ ಸಮಯದಲ್ಲಿ ಪ್ರಸಾರ ಮಾಡಿದ ತುಣುಕುಗಳು ಇದಕ್ಕೆ ಉದಾಹರಣೆ. ದೂರದ ಊರಿನಲ್ಲಿರುವ ಪ್ರಿಯಕರನು ಶಿಂಕನ್‌ಸೆನ್ ರೈಲಿನಲ್ಲಿ ಬರುವುದನ್ನು ಎದುರು ನೋಡುವ ಯುವತಿಯೇ ಅವುಗಳ ವಸ್ತು. 1989ರ ತುಣುಕಿನಲ್ಲಿ ನಟಿ ರಿಹೊ ಮಕಿಸೆ ನಗೋಯಾ ನಿಲ್ದಾಣದ ಜನಸಂದಣಿಯಲ್ಲಿ ಓಡಿಬಂದು ಕಂಬದ ಮರೆಯಲ್ಲಿ ಅಡಗಿ ನಿಲ್ಲುತ್ತಾಳೆ. ಹಿನ್ನೆಲೆಯಲ್ಲಿ ಕೇಳಿಬರುವ ತತ್ಸುರೊ ಯಮಶಿತನ ಹಾಡು 1983ರಲ್ಲಿಯೇ ಬಿಡುಗಡೆಯಾಗಿದ್ದರೂ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ್ದು ಈ ಜಾಹೀರಾತಿನ ಬಳಿಕ, 1989ರ ಡಿಸೆಂಬರಿನಲ್ಲಿ.

ಇದಕ್ಕಿಂತಲೂ ಹೃದಯಸ್ಪರ್ಶಿಯಾದ ಪ್ರಸಂಗ ಕ್ಯೂಷು ದ್ವೀಪದ್ದು. ಅಲ್ಲಿನ ಶಿಂಕನ್‌ಸೆನ್ ಮಾರ್ಗವು ಪೂರ್ಣವಾಗಿ ತೆರೆಯುವ ಮುನ್ನ, 2011ರ ಫೆಬ್ರವರಿ 20ರಂದು, ಕ್ಯಾಮೆರಾಗಳನ್ನು ಹೊತ್ತ ರೈಲೊಂದು ಕಾಗೊಶಿಮಾದಿಂದ ಹಕಾತಾದವರೆಗೆ ಸಂಚರಿಸಿತು. ಹಳಿಯುದ್ದಕ್ಕೂ ಬಂದು ಕೈಬೀಸಿರೆಂದು ಜನರಿಗೆ ಮೊದಲೇ ಕರೆ ಕೊಡಲಾಗಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಗದ್ದೆಯ ಬದುಗಳಲ್ಲಿ, ಮನೆಯ ಮಹಡಿಗಳಲ್ಲಿ, ಸೇತುವೆಗಳ ಮೇಲೆ ನಿಂತು ಕುಣಿದು ಕೈಬೀಸಿದರು. ಮಾರ್ಚ್ 9ರಂದು ಪ್ರಸಾರ ಆರಂಭವಾಯಿತು. ಮಾರ್ಚ್ 11ರಂದು ಪೂರ್ವ ಜಪಾನಿನಲ್ಲಿ ಭೀಕರ ಭೂಕಂಪ ಮತ್ತು ತ್ಸುನಾಮಿ ಸಂಭವಿಸಿದವು. ಮರುದಿನ ನಡೆಯಬೇಕಿದ್ದ ಉದ್ಘಾಟನಾ ಸಮಾರಂಭವನ್ನು ಕೈಬಿಟ್ಟು, ಜಾಹೀರಾತನ್ನೂ ಹಿಂತೆಗೆದುಕೊಳ್ಳಲಾಯಿತು. ಆದರೆ ಅಂತರಜಾಲದಲ್ಲಿ ಉಳಿದಿದ್ದ ಮೂರು ನಿಮಿಷಗಳ ಆ ದೃಶ್ಯವನ್ನು ಜನರೇ ಹುಡುಕಿ ನೋಡತೊಡಗಿದರು. ದುಃಖದ ದಿನಗಳಲ್ಲಿ ಅದು ಸಾಂತ್ವನ ನೀಡಿತೆಂದು ಅನೇಕರು ಬರೆದರು. ಅದೇ ವರ್ಷ ಕಾನ್ ಜಾಹೀರಾತು ಉತ್ಸವದಲ್ಲಿ ಅದಕ್ಕೆ ಪ್ರಶಸ್ತಿಯೂ ಬಂತು. ನೋಡುಗರೇ ಪಾತ್ರಧಾರಿಗಳಾದ ಜಾಹೀರಾತಿಗೆ ದೊರೆಯುವ ಪ್ರೀತಿಯು ಬಾಡಿಗೆಯ ನಟರಿಂದ ಬರುವುದು ವಿರಳ.

ಮಾತು ಮತ್ತು ಸೇವೆ

ರೈಲು ತಡವಾದಾಗ ಘೋಷಣೆಯ ಮಾತೇ ಗೇಲಿಯ ವಸ್ತುವಾಗುತ್ತದೆ. ಬ್ರಿಟಿಷ್ ರೈಲ್ 1980ರ ದಶಕದಲ್ಲಿ ಬಳಸಿದ ‘ವಿ ಆರ್ ಗೆಟ್ಟಿಂಗ್ ದೇರ್’ ಎಂಬ ಘೋಷಣೆಗೆ ‘ಸುಧಾರಣೆಯ ಹಾದಿಯಲ್ಲಿದ್ದೇವೆ’ ಎಂಬ ಅರ್ಥವಿತ್ತು. ತಡವಾದ ರೈಲಿನಲ್ಲಿ ಕುಳಿತವರಿಗೆ ಅದು ‘ಹೇಗೋ ತಲುಪುತ್ತೇವೆ’ ಎಂದು ಕೇಳಿಸಿತು. ಅದೇ ಸಂಸ್ಥೆ 1988ರಲ್ಲಿ ತಯಾರಿಸಿದ ‘ರಿಲ್ಯಾಕ್ಸ್’ ಎಂಬ ತುಣುಕಿನಲ್ಲಿ ನಿರ್ದೇಶಕ ಟೋನಿ ಕೇ ಯಾವ ಭರವಸೆಯನ್ನೂ ನೀಡದೆ, ಬೋಗಿಯೊಳಗೆ ತೂಕಡಿಸುವ, ಚದುರಂಗವಾಡುವ ಜನರನ್ನಷ್ಟೆ ತೋರಿಸಿದನು. ಇಂದಿಗೂ ಮೆಚ್ಚುಗೆಯಿಂದ ನೆನೆಯುವುದು ಇದನ್ನೇ.

ಪ್ರಸಿದ್ಧ ವ್ಯಕ್ತಿಯ ಮುಖವನ್ನು ಬಳಸಿದಾಗ ಬೇರೊಂದು ಅಪಾಯವಿದೆ. ‘ದಿಸ್ ಈಸ್ ದಿ ಏಜ್ ಆಫ್ ದಿ ಟ್ರೇನ್’ ಎಂಬ ಪ್ರಚಾರದಲ್ಲಿ ಕಾಣಿಸಿಕೊಂಡವನು ದೂರದರ್ಶನ ನಿರೂಪಕ ಜಿಮ್ಮಿ ಸ್ಯಾವಿಲ್. ಅವನು ಅನೇಕ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವೆಸಗಿದ್ದ ಸಂಗತಿ ಅವನ ಮರಣಾನಂತರ, 2012ರಲ್ಲಿ ಬಯಲಾಯಿತು. ಚೆನ್ನಾಗಿ ನೆನಪಿನಲ್ಲಿ ಉಳಿದ ಆ ಜಾಹೀರಾತು ಈಗ ನೋಡಲಾಗದಂತಾಗಿದೆ.

ಕಿರಿಕಿರಿಯ ಕಾರಣಗಳು

ಕಣ್ಣನ್ನು ಬೇರೆಡೆಗೆ ಹೊರಳಿಸಬಹುದು, ಕಿವಿಯನ್ನು ಮುಚ್ಚಿಕೊಂಡು ಪ್ರಯಾಣ ಮಾಡಲಾಗದು. ಪ್ರಯಾಣಿಕರ ತೀವ್ರ ಪ್ರತಿಭಟನೆಗಳು ಧ್ವನಿ ಜಾಹೀರಾತುಗಳ ವಿರುದ್ಧವೇ ನಡೆದಿರುವುದು ಆಕಸ್ಮಿಕವಲ್ಲ. 1949ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಧ್ವನಿವರ್ಧಕಗಳಲ್ಲಿ ಸಂಗೀತದೊಂದಿಗೆ ವ್ಯಾಪಾರಿ ಜಾಹೀರಾತುಗಳು ಆರಂಭವಾದವು. ‘ದಿ ನ್ಯೂಯಾರ್ಕರ್’ ಪತ್ರಿಕೆಯ ಸಂಪಾದಕ ಹೆರಾಲ್ಡ್ ರಾಸ್ ಇದನ್ನು ವಿರೋಧಿಸಿ ಬರೆಯಿಸಿದ್ದಲ್ಲದೆ, ಸಾರ್ವಜನಿಕ ವಿಚಾರಣೆಯಲ್ಲಿ ತಾನೇ ಸಾಕ್ಷಿ ನುಡಿದನು. 1950ರ ಜನವರಿಯಲ್ಲಿ ಪ್ರಸಾರ ನಿಂತಿತು.

ವಾಷಿಂಗ್ಟನ್ ನಗರದ ಟ್ರಾಮ್ ಮತ್ತು ಬಸ್ಸುಗಳಲ್ಲಿ ನಡೆಯುತ್ತಿದ್ದ ಇಂಥದೇ ಪ್ರಸಾರದ ವಿಷಯ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1952ರ ಪೊಲಾಕ್ ಪ್ರಕರಣದಲ್ಲಿ ಬಹುಮತದ ತೀರ್ಪು ಪ್ರಸಾರದಲ್ಲಿ ಸಂವಿಧಾನದ ಉಲ್ಲಂಘನೆ ಇಲ್ಲವೆಂದಿತು. ಪ್ರಯಾಣಿಕರು ಸೆರೆಸಿಕ್ಕ ಶ್ರೋತೃಗಳೆಂದು ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಭಿನ್ನಮತ ಬರೆದರು. ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ವಿಚಾರಣೆಯಿಂದಲೇ ಹಿಂದೆ ಸರಿದರು. ತಾವು ಸ್ವತಃ ಆ ಪ್ರಸಾರದಿಂದ ನೊಂದವರಾದ್ದರಿಂದ ನಿಷ್ಪಕ್ಷಪಾತವಾಗಿ ತೀರ್ಪು ನೀಡಲಾರೆನೆಂಬುದು ಅವರು ಕೊಟ್ಟ ಕಾರಣ.

ಪುನರಾವರ್ತನೆಯ ಪರಿಣಾಮ ಇಷ್ಟು ಸರಳವಲ್ಲ. ಮತ್ತೆ ಮತ್ತೆ ಕಂಡ ವಸ್ತುವಿನ ಮೇಲೆ ಒಲವು ಹೆಚ್ಚುತ್ತದೆಯೆಂದು ರಾಬರ್ಟ್ ಜಾಯಾಂಕ್ 1968ರಲ್ಲಿ ಪ್ರತಿಪಾದಿಸಿದನು. ಒತ್ತಾಯವೆನಿಸಿದಾಗ ಮನಸ್ಸು ತಿರುಗಿಬೀಳುತ್ತದೆಯೆಂದು ಜ್ಯಾಕ್ ಬ್ರೆಮ್ ಎರಡು ವರ್ಷ ಮೊದಲೇ ಹೇಳಿದ್ದನು. ಬ್ರಿಟನ್ನಿನ ರೈಲುಗಳಲ್ಲಿ ಈ ಎರಡಕ್ಕೂ ನಿದರ್ಶನ ಸಿಗುತ್ತದೆ. ಸಂಶಯಾಸ್ಪದ ವಸ್ತುಗಳ ಬಗ್ಗೆ ಪೊಲೀಸರಿಗೆ ತಿಳಿಸುವಂತೆ ಕೋರುವ ‘ಸೀ ಇಟ್, ಸೇ ಇಟ್, ಸಾರ್ಟೆಡ್’ ಎಂಬ ಪ್ರಕಟಣೆ 2016ರಲ್ಲಿ ಆರಂಭವಾಯಿತು. ಅದನ್ನು ಕೇಳಿ ಬೇಸತ್ತವರು ಬಹಳ. ಅನಗತ್ಯ ಪ್ರಕಟಣೆಗಳನ್ನು ಕಡಿಮೆ ಮಾಡುವುದಾಗಿ 2022ರಲ್ಲಿ ಸಾರಿಗೆ ಸಚಿವರೇ ಘೋಷಿಸಬೇಕಾಯಿತು. ಆದರೆ ಲಂಡನ್ನಿನ ‘ಮೈಂಡ್ ದಿ ಗ್ಯಾಪ್’ ಎಂಬ ಎಚ್ಚರಿಕೆ ದಶಕಗಳಿಂದ ಅದೇ ಮೂರು ಪದಗಳಲ್ಲಿ ಮೊಳಗುತ್ತಿದ್ದರೂ ಜನಪ್ರಿಯವಾಗಿದೆ. ಅದು ಚಿಕ್ಕದು; ಹೆಜ್ಜೆಯಿಡುವ ಗಳಿಗೆಯಲ್ಲಿಯೇ ಕೇಳಿಸುತ್ತದೆ. ಎಂಬ್ಯಾಂಕ್‌ಮೆಂಟ್ ನಿಲ್ದಾಣದಲ್ಲಿ ಆ ಮಾತನ್ನು ನುಡಿದಿದ್ದ ನಟ ಆಸ್ವಾಲ್ಡ್ ಲಾರೆನ್ಸ್ ತೀರಿಕೊಂಡ ಮೇಲೆ, ಅವನ ಪತ್ನಿ ಆ ದನಿಯನ್ನು ಕೇಳಲೆಂದೇ ಅಲ್ಲಿಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಹೊಸ ಧ್ವನಿಮುದ್ರಣ ಬಂದಾಗ ಅವರು ಮಾಡಿದ ಕೋರಿಕೆಯನ್ನು ಮನ್ನಿಸಿ, 2013ರಲ್ಲಿ ಹಳೆಯ ದನಿಯನ್ನೇ ಆ ನಿಲ್ದಾಣಕ್ಕೆ ಮರಳಿ ತರಲಾಯಿತು.

ಸುರಕ್ಷತಾ ಪ್ರಚಾರ

ಇಲ್ಲಿ ಮರೆವಿನ ಬೆಲೆ ಪ್ರಾಣವಾದ್ದರಿಂದ ಎಷ್ಟು ಹೆದರಿಸಬಹುದು ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಹಳಿಗಳ ಮೇಲೆ ಆಟವಾಡುವ ಮಕ್ಕಳನ್ನು ಎಚ್ಚರಿಸಲು ಬ್ರಿಟಿಷ್ ಟ್ರಾನ್ಸ್‌ಪೋರ್ಟ್ ಫಿಲ್ಮ್ಸ್ 1977ರಲ್ಲಿ ‘ದಿ ಫಿನಿಶಿಂಗ್ ಲೈನ್’ ಎಂಬ ಸುಮಾರು 20 ನಿಮಿಷಗಳ ಚಿತ್ರವನ್ನು ತಯಾರಿಸಿತು. ಜಾನ್ ಕ್ರಿಶ್ ನಿರ್ದೇಶಿಸಿದ ಇದರಲ್ಲಿ ಶಾಲಾ ಕ್ರೀಡಾಕೂಟವು ರೈಲು ಹಳಿಯ ಮೇಲೆಯೇ ನಡೆಯುತ್ತದೆ. ಪ್ರತಿ ಸ್ಪರ್ಧೆಯ ಕೊನೆಗೂ ಮಕ್ಕಳು ಗಾಯಗೊಳ್ಳುತ್ತಾರೆ, ಸಾಯುತ್ತಾರೆ. ಎಳೆಯ ಮನಸ್ಸುಗಳಿಗೆ ಆಘಾತವಾಗುತ್ತದೆಂಬ ಆಕ್ಷೇಪ ಬಲವಾಗಿ, 1979ರಲ್ಲಿ ಅದನ್ನು ಹಿಂತೆಗೆದು ‘ರಾಬಿ’ ಎಂಬ ಸೌಮ್ಯವಾದ ಚಿತ್ರವನ್ನು ತರಲಾಯಿತು.

ಆಸ್ಟ್ರೇಲಿಯದ ಮೆಟ್ರೋ ಟ್ರೇನ್ಸ್ ಮೆಲ್ಬರ್ನ್ 2012ರ ನವೆಂಬರಿನಲ್ಲಿ ಹೊರತಂದ ‘ಡಂಬ್ ವೇಸ್ ಟು ಡೈ’ ಇದರ ನೇರ ವಿರುದ್ಧ ದಾರಿಯದು. ಬಣ್ಣಬಣ್ಣದ ಗೊಂಬೆಯಂಥ ಆಕೃತಿಗಳು ಹಾಡುತ್ತ ಕುಣಿಯುತ್ತ ಮೂರ್ಖತನದಿಂದ ಸಾಯುತ್ತವೆ. ರೈಲಿಗೆ ಸಂಬಂಧಿಸಿದ ಸಾವುಗಳು ಬರುವುದು ಹಾಡಿನ ಕೊನೆಯಲ್ಲಿ ಮಾತ್ರ. ಉಪದೇಶವೆಂದು ತಿಳಿಯುವ ಮೊದಲೇ ರಾಗ ಬಾಯಿಗೆ ಬಂದಿರುತ್ತದೆ. 2013ರ ಕಾನ್ ಉತ್ಸವದಲ್ಲಿ ಐದು ಗ್ರ್ಯಾಂಡ್ ಪ್ರಿ ಪ್ರಶಸ್ತಿಗಳು ಇದಕ್ಕೆ ದೊರೆತವು. ಸಾವನ್ನು ಹಗುರವಾಗಿ ತೋರಿಸಿದೆಯೆಂಬ ಟೀಕೆಯೂ ಬಂತು. ರಷ್ಯಾ ಈ ತುಣುಕಿನ ಮೇಲೆ ನಿರ್ಬಂಧ ಹೇರಿತು. ಅಪಘಾತಗಳು ಕಡಿಮೆಯಾದವೆಂದು ಸಂಸ್ಥೆ ಹೇಳಿಕೊಂಡಿತಾದರೂ, ಹಾಡಿನಿಂದಾದುದೆಷ್ಟು, ಇತರ ಕ್ರಮಗಳಿಂದಾದುದೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಮುಂಬಯಿಯಲ್ಲಿ ಪಶ್ಚಿಮ ರೈಲ್ವೆಯು 2019ರ ನವೆಂಬರಿನಲ್ಲಿ ರೈಲ್ವೆ ಸಂರಕ್ಷಣಾ ಪಡೆಯೊಂದಿಗೆ ಸೇರಿ ಯಮಧರ್ಮರಾಯನನ್ನೇ ಹಳಿಗಿಳಿಸಿತು. ಕಿರೀಟ, ಗದೆ ಧರಿಸಿದ ವೇಷಧಾರಿಯು ಹಳಿ ದಾಟುವವರನ್ನು ಹೆಗಲ ಮೇಲೆ ಹೊತ್ತು ಆಚೆಗೆ ತಂದು ಬಿಡುತ್ತಿದ್ದನು. ಬಯಲಾಟದಲ್ಲಿ ಯಮನನ್ನು ಕಂಡು ಬಲ್ಲ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಾಣ ಒಯ್ಯಬೇಕಾದವನೇ ಪ್ರಾಣ ಉಳಿಸುವ ಈ ತಿರುವು ಭಯವನ್ನೂ ನಗೆಯನ್ನೂ ಒಟ್ಟಿಗೆ ತರುತ್ತದೆ.

ಭಾರತದಲ್ಲಿ

ವಸಾಹತು ಕಾಲದ ಇಂಡಿಯನ್ ಸ್ಟೇಟ್ ರೈಲ್ವೇಸ್ ಭಿತ್ತಿಪತ್ರಗಳು ವಿದೇಶಿ ಪ್ರವಾಸಿಗಳನ್ನು ಉದ್ದೇಶಿಸಿದ್ದವು. ಅರಮನೆ, ಘಟ್ಟ, ಗೋಪುರಗಳು ಅವುಗಳಲ್ಲಿ ಸೊಗಸಾಗಿ ಮೂಡಿವೆ. ಮೂರನೆಯ ದರ್ಜೆಯ ಇಕ್ಕಟ್ಟು ಮಾತ್ರ ಕಾಣದು. ಅದನ್ನು ತಿಳಿಯಲು ಗಾಂಧೀಜಿ 1917ರಲ್ಲಿ ಮೂರನೆಯ ದರ್ಜೆಯ ಪ್ರಯಾಣದ ಕುರಿತು ಬರೆದ ಕಿರುಹೊತ್ತಿಗೆಯನ್ನು ಓದಬೇಕು.

ಭಾರತೀಯ ರೈಲ್ವೆಯ 150ನೆಯ ವರ್ಷಾಚರಣೆಗಾಗಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ರೂಪಿಸಿದ ‘ಭೋಲು’ ಎಂಬ ಆನೆಯು ಕೈಯಲ್ಲಿ ಹಸಿರು ದೀಪ ಹಿಡಿದ ಗಾರ್ಡ್. ಇದನ್ನು 2002ರ ಏಪ್ರಿಲ್ 16ರಂದು ಬೆಂಗಳೂರಿನಲ್ಲಿ ಅನಾವರಣಗೊಳಿಸಲಾಯಿತು. ಅಂದು ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಭೋಲುವೇ ಹಸಿರು ದೀಪ ತೋರಿಸಿ ಬೀಳ್ಕೊಟ್ಟಿತು. ಮುಂದಿನ ವರ್ಷ ಅದನ್ನು ಇಲಾಖೆಯ ಶಾಶ್ವತ ಗುರುತಾಗಿ ಉಳಿಸಿಕೊಳ್ಳಲಾಯಿತು. 2010ರ ‘ದೇಶ್ ಕಾ ಮೇಲ್’ ಎಂಬ ದೂರದರ್ಶನ ತುಣುಕಿನಲ್ಲಿ ಜನರು ಒಬ್ಬರ ಹಿಂದೊಬ್ಬರು ನಿಂತು ತಾವೇ ರೈಲಾಗಿ ಸಾಗುತ್ತಾರೆ. 1968ರ ‘ಆಶೀರ್ವಾದ್’ ಚಿತ್ರದಲ್ಲಿ ಅಶೋಕ್ ಕುಮಾರ್ ಹಾಡಿದ್ದ ಮಕ್ಕಳ ಗೀತೆ ಅದಕ್ಕೆ ಆಧಾರ. ಅಂಗಿಯ ತುದಿ ಹಿಡಿದು ಚುಕುಬುಕು ಆಡದ ಬಾಲ್ಯ ಈ ದೇಶದಲ್ಲಿ ಅಪರೂಪವಾದ್ದರಿಂದ ಭಾಷೆಯ ಹಂಗಿಲ್ಲದೆ ಅದು ಎಲ್ಲರನ್ನೂ ತಲುಪಿತು.

ಕಿರಿಕಿರಿಯ ಹೊಸ ಠಾವು ಟಿಕೆಟ್ ಕಾಯ್ದಿರಿಸುವ ಆ್ಯಪ್. 2019ರ ಮೇ ತಿಂಗಳಲ್ಲಿ ಪ್ರಯಾಣಿಕರೊಬ್ಬರು ಅದರಲ್ಲಿ ಅಸಭ್ಯ ಜಾಹೀರಾತುಗಳು ಕಾಣುತ್ತಿವೆಯೆಂದು ಟ್ವಿಟರ್‌ನಲ್ಲಿ ದೂರಿದರು. ಬಳಕೆದಾರರು ಹಿಂದೆ ಏನನ್ನು ಹುಡುಕಿದ್ದರೋ ಅದಕ್ಕೆ ತಕ್ಕ ಜಾಹೀರಾತುಗಳು ಬರುತ್ತವೆ, ಕುಕೀಗಳನ್ನು ಅಳಿಸಿಕೊಳ್ಳಿ ಎಂಬ ಉತ್ತರ ಬಂದಾಗ ಅದು ದೇಶದಾದ್ಯಂತ ನಗೆಗೆ ಕಾರಣವಾಯಿತು.

ನಿಲ್ದಾಣದ ಹೆಸರುಗಳೂ ಈಗ ಪ್ರಾಯೋಜಕರಿಗೆ ತೆರೆದುಕೊಂಡಿವೆ. ಬೆಂಗಳೂರಿನ ನಮ್ಮ ಮೆಟ್ರೋ ಹಳದಿ ಮಾರ್ಗದಲ್ಲಿ ಕೋನಪ್ಪನ ಅಗ್ರಹಾರ, ಹೆಬ್ಬಗೋಡಿ, ಬೊಮ್ಮಸಂದ್ರ ನಿಲ್ದಾಣಗಳ ಹೆಸರಿನೊಂದಿಗೆ ಸಂಸ್ಥೆಗಳ ಹೆಸರು ಸೇರಿದೆ. ಭಾರತೀಯ ರೈಲ್ವೆಯ ಹಳದಿ ಫಲಕಗಳು ಮಾತ್ರ ಕಪ್ಪು ಅಕ್ಷರಗಳಲ್ಲಿ ಊರಿನ ಹೆಸರನ್ನೂ ಸಮುದ್ರಮಟ್ಟದಿಂದ ಅದರ ಎತ್ತರವನ್ನೂ ತೋರಿಸುತ್ತ ನಿಂತಿವೆ.