ಉಪರಾಷ್ಟ್ರಪತಿ ಚುನಾವಣೆಯ ಒಂದು ಓಟು

ಮೆಟ್ಟೂರಿನ ಟೈರು ರಿಪೇರಿ ಅಂಗಡಿಯ ಕೆ. ಪದ್ಮರಾಜನ್ 1988ರಿಂದ ಚುನಾವಣೆಗೆ ನಿಲ್ಲುತ್ತಲೇ, ಸೋಲುತ್ತಲೇ ಬಂದವರು. 2024ರಲ್ಲಿ ನಮ್ಮ ಧರ್ಮಪುರಿ ಲೋಕಸಭೆಗೂ, 2025ರಲ್ಲಿ ಉಪರಾಷ್ಟ್ರಪತಿ ಹುದ್ದೆಗೂ ನಾಮಪತ್ರ ಹಾಕಿದರು. ಟೀ ಅಂಗಡಿಯಲ್ಲಿ ನಾವೆಲ್ಲ ನಕ್ಕೆವು.

ಇಂಥ ನಗು ಹೊಸದಲ್ಲ. 1992ರಲ್ಲಿ ಕೆ.ಆರ್. ನಾರಾಯಣನ್ ಅವರಿಗೆ 700 ಓಟು. ಎದುರು ನಿಂತ ಬರೇಲಿಯ ಬಟ್ಟೆ ವ್ಯಾಪಾರಿ ಕಾಕಾ ಜೋಗಿಂದರ್ ಸಿಂಗರಿಗೆ 1. ಓಟು ಹಾಕುವವರೆಲ್ಲ ಸಂಸದರೇ! ಆ ಒಬ್ಬರದು ತಮಾಷೆಯೋ, ಮುನಿಸೋ? ಬ್ಯಾಂಕಿನಲ್ಲಿ ಠೇವಣಿ ಬೆಳೆಯುತ್ತದೆ, ಕಾಕಾ ಅವರದು ಮುಳುಗಿತು.

1997ರಲ್ಲಿ ಕಾನೂನು ಬಿಗಿಯಾಯಿತು. ಸೂಚಕರು 5ರಿಂದ 20, ಅನುಮೋದಕರೂ ಅಷ್ಟೇ. ಠೇವಣಿ 2,500ರಿಂದ 15,000 ರೂಪಾಯಿ. ಹಣವನ್ನಾದರೂ ಹೊಂದಿಸಬಹುದು, ಟೈರು ಅಂಗಡಿಗೆ 40 ಸಂಸದರ ಸಹಿ ಎಲ್ಲಿಂದ ಬರಬೇಕು? 2025ರಲ್ಲಿ ಪರಿಶೀಲನೆ ಮುಗಿದಾಗ ಕಣದಲ್ಲಿ ಉಳಿದವರು ಇಬ್ಬರೇ. ಪದ್ಮರಾಜನ್ ಆ ಇಬ್ಬರಲ್ಲಿರಲಿಲ್ಲ.