ಐಮಂಗಲ ಬಿಡದೇ ಲೋಕ ಸುತ್ತೋದು

ಬೇಸಿಗೆ ರಜಾ ಬಂತು ಅಂದ್ರೆ ಎಲ್ಲಾರ ಮನೇಲೂ ಒಂದೇ ರಾಗ. ಅವರು ದುಬೈಗೆ ಹೋದ್ರಂತೆ, ಇವರು ಸಿಂಗಾಪುರ ನೋಡ್ಕೊಂಡು ಬಂದ್ರಂತೆ, ನಾವು ಮಾತ್ರ ಈ ಐಮಂಗಲದಲ್ಲೇ ಅಂತ ಮಕ್ಕಳು ಮುಖ ಊದಿಸ್ಕೊಂತಾವೆ. ಹೈವೇ ಪಕ್ಕದ ಊರು ನಮ್ದು. ಬೆಂಗಳೂರಿನಿಂದ ಪೂನಾ ಕಡೆ ಹೋಗೋ ಗಾಡಿಗಳೆಲ್ಲ ನಮ್ಮ ಕಣ್ಮುಂದೇನೇ ಹೋಗ್ತಾವೆ. ಲೋಕವೆಲ್ಲ ಎಲ್ಲಿಗೋ ಹೊರಟೈತೆ, ನಾವು ಮಾತ್ರ ನೋಡ್ತಾ ನಿಂತಿದೀವಿ ಅನ್ನಿಸೋದು ಸಹಜ.

ಆದ್ರೆ ಅಕ್ಕಂದಿರೇ, ಲೋಕ ನಮ್ಮ ಸೀಮೆಗೆ ಬಂದು ಎರಡು ಸಾವಿರ ವರ್ಷದ ಮೇಲಾಯ್ತು. ಬಂದದ್ದು ವಾಪಸ್ ಹೋಗಿಲ್ಲ. ನಮ್ಮ ಒಲೆ ಮುಂದೆ, ಹಿತ್ತಲಲ್ಲಿ, ದೇವರ ಗೂಡಲ್ಲಿ ಕೂತೈತೆ. ನಾವು ಅದನ್ನ ದಿನಾ ತೊಳೆದು, ಹೆಚ್ಚಿ, ಬೇಯಿಸಿ ಬಡಿಸ್ತೀವಿ. ಮಕ್ಕಳಿಗೆ ಇದು ಎಲ್ಲಿಂದ ಬಂತು ಅಂತ ಹೇಳೋದೊಂದು ಬಾಕಿ.

ಮುದ್ದೆಯಿಂದಲೇ ಶುರು ಮಾಡೋಣ. ರಾಗಿ ನಮ್ದು ಅಂತ ಎದೆ ತಟ್ಕೊಂಡು ಹೇಳ್ತೀವಿ, ಹೇಳಬೇಕಾದ್ದೇ. ಆದ್ರೆ ಕಾಡುಹುಲ್ಲನ್ನ ಪಳಗಿಸಿ ಮೊದಲು ರಾಗಿ ಬೆಳೆದೋರು ಪೂರ್ವ ಆಫ್ರಿಕಾದ ಎತ್ತರದ ಸೀಮೆಯೋರು, ಇಥಿಯೋಪಿಯಾ, ಉಗಾಂಡಾ ಕಡೆಯ ರೈತರು. ಅದು ನಮ್ಮ ಕಡೆ ಬಂದು ಸಾವಿರಾರು ವರ್ಷ ಆಗೈತೆ. ಜೋಳಾನೂ ಆಫ್ರಿಕಾದ್ದೇ, ಸುಡಾನ್ ಕಡೇದು. ಕೀನ್ಯಾ, ಟಾಂಜಾನಿಯಾ ದೇಶದ ಹೆಂಗಸರು ಇವತ್ತಿಗೂ ಊಗಾಲಿ ಅಂತ ಮಾಡ್ತಾರೆ. ಈಗೀಗ ಮೆಕ್ಕೆಜೋಳದ ಹಿಟ್ಟಲ್ಲೇ ಜಾಸ್ತಿ, ಮೊದಲೆಲ್ಲ ರಾಗಿ, ಜೋಳದಲ್ಲಿ. ಎಸರು ಕುದಿಸಿ, ಹಿಟ್ಟು ಸುರಿದು, ಗಂಟಾಗದಂಗೆ ಮರದ ಕೋಲಲ್ಲಿ ತಿರುವೋದು. ಥೇಟ್ ನಮ್ಮ ಹಂಗೇ! ಆ ಕೋಲಿಗೆ ಅವರ ಸ್ವಾಹಿಲಿ ಭಾಷೇಲಿ ಮ್ವಿಕೊ ಅಂತಾರೆ, ರಾಗಿಗೆ ವಿಂಬಿ ಅಂತಾರೆ. ಚೂರು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಹೆಬ್ಬೆಟ್ಟಿಂದ ಗುಳಿ ಒತ್ತಿ, ಆ ಗುಳೀಲಿ ಸೊಪ್ಪಿನ ಪಲ್ಯ ಎತ್ಕೊಂಡು ತಿಂತಾರೆ. ನಾವು ನುಂಗ್ತೀವಿ, ಅವರು ಅಗೀತಾರೆ, ಅಷ್ಟೇ ವ್ಯತ್ಯಾಸ. ಆ ಸೊಪ್ಪಿನ ಪಲ್ಯದ ಹೆಸರು ಸುಕುಮಾ ವಿಕಿ. ಹಂಗಂದ್ರೆ "ವಾರ ತಳ್ಳು" ಅಂತ. ಕೈಯಲ್ಲಿ ಕಾಸಿಲ್ಲದಾಗ ಸೊಪ್ಪಲ್ಲೇ ವಾರ ತಳ್ಳೋದು ನಮಗೇನು ಹೊಸದಾ? ಒಂದು ಸಂಜೆ ಸಾರಿನ ಬದಲು ಈರುಳ್ಳಿ, ಟೊಮ್ಯಾಟೊ ಹಾಕಿ ಸೊಪ್ಪು ಬಾಡಿಸಿ, ಮುದ್ದೆಗೆ ಗುಳಿ ಒತ್ತಿ ತಿನ್ರೋ ಅಂತ ಮಕ್ಕಳಿಗೆ ಕೊಟ್ಟು ನೋಡ್ರಿ. ತಟ್ಟೆ ಖಾಲಿ ಆಗೋದ್ರೊಳಗೆ ಆಫ್ರಿಕಾದ ಹತ್ತು ಪ್ರಶ್ನೆ ಕೇಳಿರ್ತಾವೆ.

ಇನ್ನು ಖಾರದ ಡಬ್ಬಿ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗೆಡ್ಡೆ, ಕಡ್ಲೆಕಾಯಿ, ಮೆಕ್ಕೆಜೋಳ, ಸೀಬೆಹಣ್ಣು, ಇವೆಲ್ಲ ಸಮುದ್ರದಾಚೆಯ ಅಮೆರಿಕಾ ಖಂಡದವು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿದ್ದು 1498ರಲ್ಲಿ, ಪೋರ್ಚುಗೀಸರು ಗೋವಾ ಹಿಡಿದಿದ್ದು 1510ರಲ್ಲಿ. ಮೆಣಸಿನಕಾಯಿ ನಮ್ಮ ನಾಡಿಗೆ ಬಂದಿದ್ದು ಅದಾದ ಮೇಲೆ. ಅಲ್ಲೀವರೆಗೂ ಖಾರ ಅಂದ್ರೆ ಕರಿಮೆಣಸು. ಹೊಸ ಕಾಯಿಗೆ ಹಳೇ ಮೆಣಸಿನ ಹೆಸರನ್ನೇ ಅಂಟಿಸಿ ಮೆಣಸಿನಕಾಯಿ ಅಂದ್ವಿ. ನಮ್ಮ ದುರ್ಗದಲ್ಲಿ ಒನಕೆ ಓಬವ್ವ ಹೈದರನ ಸೈನಿಕರನ್ನ ಬಡಿಯೋ ಹೊತ್ತಿಗೆ ಮೆಣಸಿನಕಾಯಿ ಈ ನಾಡಿಗೆ ಬಂದು ಇನ್ನೂರು ವರ್ಷದ ಮೇಲಾಗಿತ್ತು. ಕಡ್ಲೆಕಾಯಿ ಅಂತೂ ದಕ್ಷಿಣ ಅಮೆರಿಕಾದಿಂದ ಬಂದು ನಮ್ಮ ಜಿಲ್ಲೆ ಹೊಲವನ್ನೇ ಹಿಡೀತು, ಪಕ್ಕದ ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರೂ ತಂದುಕೊಟ್ಟಿತು.

ಇದಕ್ಕೆ ಸಾಕ್ಷಿ ಯಾವ ಗ್ರಂಥಾಲಯದಲ್ಲೂ ಹುಡುಕಬೇಕಾಗಿಲ್ಲ. ಕೆಲವು ಮನೆಗಳಲ್ಲಿ ತಿಥಿ ಅಡುಗೆಗೆ ಮೆಣಸಿನಕಾಯಿ, ಆಲೂಗೆಡ್ಡೆ, ಟೊಮ್ಯಾಟೊ, ಕೋಸು ಮುಟ್ಟಲ್ಲ, ಕರಿಮೆಣಸು, ಬಾಳೆಕಾಯಿಯಲ್ಲೇ ಮುಗಿಸ್ತಾರೆ. ಮೇಲಿನೋರಿಗೆ ಅವರ ಕಾಲದ ಅಡುಗೇನೇ ಬಡಿಸಬೇಕು ಅನ್ನೋ ಹಂಗೆ. ಅತ್ತೆಯಿಂದ ಸೊಸೆಗೆ ಬಂದ ಆ ಕಟ್ಟುಪಾಡು ಐನೂರು ವರ್ಷದ ಹಿಂದಿನ ಅಡುಗೆಮನೆಯನ್ನ ಹಂಗೇ ಇಟ್ಕೊಂಡೈತೆ. ಹೆಂಗಸರ ಕೈಯಲ್ಲಿ ಉಳಿದ ಚರಿತ್ರೆ ಅಂದ್ರೆ ಇದೇ ಕಣ್ರೇ.

ಹೆಸರುಗಳದ್ದೂ ಒಂದು ಕಥೆ ಐತೆ. ಪಪ್ಪಾಯಿಗೆ ಪರಂಗಿ ಹಣ್ಣು ಅಂತೀವಿ, ಅಂದ್ರೆ ಫರಂಗಿಯೋರು ತಂದ ಹಣ್ಣು. ಅದರ ಹೊರಗಿನತನ ಹೆಸರಲ್ಲೇ ಉಳೀತು. ಸೀತಾಫಲಾನೂ ಅಮೆರಿಕಾದಿಂದಲೇ ಬಂದಿದ್ದು. ಅದಕ್ಕೆ ಮಾತ್ರ ಸೀತಮ್ಮನ ಹೆಸರಿಟ್ಟು ಮಡಿಲಿಗೆ ಹಾಕ್ಕೊಂಡ್ವಿ, ಈಗ ದುರ್ಗದ ಗುಡ್ಡದಲ್ಲಿ ತಾನೇ ಹುಟ್ಟಿ ಬೆಳೀತೈತೆ. ಹುಣಸೇದು ಇನ್ನೂ ತಮಾಷೆ. ಮರ ಆಫ್ರಿಕಾದ್ದು, ಆದ್ರೆ ಅರಬ್ಬರು ಅದಕ್ಕೆ ಇಟ್ಟ ಹೆಸರು ಹಿಂದೂಸ್ತಾನದ ಖರ್ಜೂರ. ಇಲ್ಲಿ ಎಷ್ಟು ಚೆನ್ನಾಗಿ ಬೇರು ಬಿಟ್ಟಿತು ಅಂದ್ರೆ ಲೋಕವೇ ಅದನ್ನ ನಮ್ಮ ಮನೆ ಮಗಳು ಅಂದ್ಕೊಂಡಿತು.

ಈ ಮಾತು ನಮಗೆ ಬೇಗ ಅರ್ಥ ಆಗಬೇಕು. ಯಾಕಂದ್ರೆ ನಾವೆಲ್ಲ ಒಂದಿನ ಹೊರಗಿನಿಂದ ಬಂದೋರೇ. ಹೊಸದುರ್ಗದಿಂದ, ಹೊಳಲ್ಕೆರೆಯಿಂದ, ಸಿರಾ ಕಡೆಯಿಂದ ಮದುವೆಯಾಗಿ ಬಂದ್ವಿ. ಕೆಲವರ ಹೆಸರೂ ಬದಲಾಯ್ತು. ಈಗ ನಾವಿಲ್ಲದಿದ್ರೆ ಮನೆ ನಡೆಯುತ್ತಾ? ನಮ್ಮ ಬೀದಿಗೆ ರಾಯಚೂರು ಕಡೆಯಿಂದ ಸೊಸೆಯೊಬ್ಬಳು ಬಂದಾಗ, ಅವಳು ಜೋಳದ ರೊಟ್ಟಿ ಬಡಿಯೋ ಸದ್ದಿಗೆ ಅಕ್ಕಪಕ್ಕದೋರು ನಕ್ಕಿದ್ದುಂಟು. ಆರು ತಿಂಗಳಿಗೆ ನಕ್ಕೋರ ಮಕ್ಕಳೇ ಬಿಸಿರೊಟ್ಟಿಗೆ ಅವರ ಬಾಗಿಲಲ್ಲಿ ಕಾಯ್ತಿದ್ರು. ಹೈವೇ ಬದಿಯ ಡಾಬಾದಲ್ಲಿ ಹಿಂದಿ ಹುಡುಗರು ರೊಟ್ಟಿ ತಟ್ತಾರೆ, ಅವರನ್ನ ನೋಡಿ "ಹೊರಗಿನೋರು" ಅಂತ ಮಕ್ಕಳ ಮುಂದೆ ಮೂಗು ಮುರಿಯೋ ಮೊದಲು ನಮ್ಮ ಸಾರಿನ ಪಾತ್ರೆ ಒಳಗೊಮ್ಮೆ ನೋಡ್ಕೊಳ್ಳೋದು ಒಳ್ಳೇದು.

ಮನೆಯಿಂದ ಎದ್ದು ಒಂದಿಷ್ಟು ದೂರ ಹೋಗೋದಾದ್ರೆ ಚಂದ್ರವಳ್ಳಿ ಐತೆ. ದುರ್ಗಕ್ಕೆ ಬಟ್ಟೆ ತರೋಕೆ, ಆಸ್ಪತ್ರೆಗೆ ಅಂತ ಹೋಗೇ ಹೋಗ್ತೀವಲ್ಲ, ಆವಾಗ್ಲೇ ಮಕ್ಕಳನ್ನೂ ಕರ್ಕೊಂಡು ಹೋಗ್ರಿ. ಕೋಟೆ ಬೆಟ್ಟದ ಹಿಂದಿನ ಆ ಕಣಿವೇನ 1929ರ ಸುಮಾರಿಗೆ ಎಂ.ಎಚ್. ಕೃಷ್ಣ ಅವರು, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಗೆಸಿದ್ರು. ಶಾತವಾಹನರ ಕಾಲದ ಊರು ಅದು. ಅಲ್ಲಿ ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಅವರ ಬೆಳ್ಳಿ ನಾಣ್ಯ ಸಿಕ್ಕಾವೆ. ಚೀನಾ ದೇಶದ ಹಳೇ ನಾಣ್ಯಾನೂ ಒಂದು ಸಿಕ್ಕಿತ್ತು ಅಂತ ಹಳೇ ವರದಿ ಹೇಳ್ತೈತೆ. ರೋಮಿನೋರಿಗೆ ನಮ್ಮ ದೇಶದ ಮೆಣಸು, ಹತ್ತಿ ಬಟ್ಟೆ, ಮುತ್ತು ರತ್ನ ಬೇಕಿತ್ತು, ಅದಕ್ಕೆ ಬೆಳ್ಳಿ ಬಂಗಾರ ಸುರೀತಿದ್ರು. ಪ್ಲಿನಿ ಅನ್ನೋ ರೋಮನ್ ಪಂಡಿತ ತನ್ನ ಪುಸ್ತಕದಲ್ಲಿ, ನಮ್ಮ ದುಡ್ಡೆಲ್ಲ ಇಂಡಿಯಾ, ಚೀನಾ, ಅರಬ್ ದೇಶಕ್ಕೆ ಹರಿದು ಹೋಗ್ತೈತೆ, ನಮ್ಮ ಶೋಕಿ ಮತ್ತು ನಮ್ಮ ಹೆಂಗಸರಿಂದಲೇ ಇಷ್ಟು ಖರ್ಚು ಅಂತ ಗೊಣಗಿದಾನೆ. ನೋಡ್ರಿ, ಖರ್ಚಿನ ತಪ್ಪು ಹೆಂಗಸರ ತಲೆಗೆ ಕಟ್ಟೋದೂ ಎರಡು ಸಾವಿರ ವರ್ಷದ ಹಳೇ ಪದ್ಧತಿ!

ಇನ್ನೂ ಒಂದು ದಿನ ಬಿಡುವಾದ್ರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಅಲ್ಲಿನ ಅಶೋಕನ ಶಾಸನವನ್ನ ಬಿ.ಎಲ್. ರೈಸ್ ಅವರು 1892ರಲ್ಲಿ ಪತ್ತೆ ಮಾಡಿದ್ರು. ತಂದೆತಾಯಿ ಮಾತು ಕೇಳು, ಪ್ರಾಣಿಗಳಿಗೆ ದಯೆ ತೋರಿಸು, ಸತ್ಯ ಹೇಳು ಅಂತ ನಾವು ಮಕ್ಕಳಿಗೆ ದಿನಾ ಹೇಳೋ ಮಾತೇ ಆ ಬಂಡೆ ಮೇಲೆ ಪ್ರಾಕೃತ ಭಾಷೇಲಿ, ಬ್ರಾಹ್ಮೀ ಲಿಪೀಲಿ ಐತೆ. ಕೊನೇಲಿ ಬರೆದೋನ ಹೆಸರು ಚಪಡ. ಅವನು "ಲಿಪಿಕಾರ" ಅನ್ನೋ ಒಂದು ಮಾತನ್ನ ಮಾತ್ರ ಖರೋಷ್ಠಿ ಲಿಪೀಲಿ, ಬಲದಿಂದ ಎಡಕ್ಕೆ ಕೆತ್ತಿದಾನೆ. ಆ ಲಿಪಿ ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಗಾಂಧಾರ ಸೀಮೇದು. ಅಷ್ಟು ದೂರದ ಅಕ್ಷರ ಕಲಿತಿದ್ದ ಒಬ್ಬ ಮನುಷ್ಯ ನಮ್ಮ ಜಿಲ್ಲೆಯ ಬಿಸಿಲಲ್ಲಿ ಕೂತು ತನ್ನ ಕೆಲಸದ ಹೆಸರನ್ನ ಆ ಅಕ್ಷರದಲ್ಲಿ ಬರೆದ. ಅವನಿಗೂ ಇಲ್ಲಿ ಯಾರೋ ಒಬ್ಬ ತಾಯಿ ಊಟ ಹಾಕಿರಬೇಕು.

ಕೊನೇದು ಚೆಂಡು ಹೂವು. ಆಯುಧಪೂಜೆಗೆ, ದೀಪಾವಳಿಗೆ ಈ ಹೂವಿಲ್ಲದೆ ನಮಗೆ ಹಬ್ಬವೇ ಇಲ್ಲ. ಅದರ ತೌರುಮನೆ ಮೆಕ್ಸಿಕೋ. ಅಲ್ಲಿ ನವೆಂಬರ್ 1 ಮತ್ತು 2ನೇ ತಾರೀಕು ಸತ್ತೋರ ಹಬ್ಬ ಮಾಡ್ತಾರೆ. ಮನೇಲಿ ಹಿರಿಯರ ಫೋಟೋ ಇಟ್ಟು, ನೀರು, ಉಪ್ಪು, ಅವರಿಗೆ ಇಷ್ಟವಾದ ತಿಂಡಿ ಇಟ್ಟು, ದೀಪ ಹಚ್ಚಿ, ಚೆಂಡು ಹೂವಿನ ಎಸಳನ್ನ ಬಾಗಿಲಿನಿಂದ ದಾರಿಯಂಗೆ ಚೆಲ್ತಾರೆ. ಆ ಬಣ್ಣ, ಆ ವಾಸನೆ ಹಿಡ್ಕೊಂಡು ಸತ್ತೋರು ಮನೆ ದಾರಿ ಕಂಡ್ಕೊಂತಾರೆ ಅಂತ ನಂಬಿಕೆ. ನಾವು ಹಿರೇರ ಹಬ್ಬಕ್ಕೆ ಹೊಸ ಸೀರೆ, ಪಂಚೆ ಇಟ್ಟು, ಅವರು ಇಷ್ಟಪಡ್ತಿದ್ದ ಅಡುಗೆ ಎಡೆ ಇಟ್ಟು, ಬಾಗಿಲು ಮುಚ್ಕೊಂಡು ಹೊರಗೆ ಕಾಯೋದಿಲ್ವಾ? ಅವರು ನಮ್ಮನ್ನ ನೋಡಿ ಕಲಿತಿಲ್ಲ, ನಾವೂ ಅವರನ್ನ ನೋಡಿ ಕಲಿತಿಲ್ಲ. ಅಗಲಿದೋರಿಗೆ ಒಂದು ತುತ್ತು ಎತ್ತಿಡಬೇಕು ಅನ್ನೋ ಸಂಕಟ ಎರಡೂ ಕಡೆ ಒಂದೇ.

ಈ ಸಲ ಎಡೆ ಇಡುವಾಗ ಬುಟ್ಟೀಲಿರೋ ನಾಲ್ಕು ಚೆಂಡು ಹೂವಿನ ಎಸಳು ಬಿಡಿಸಿ ಹೊಸ್ತಿಲ ಮೇಲೆ ಚೆಲ್ಲೋಕೆ ಮಗೂಗೆ ಕೊಡ್ರಿ. ಯಾಕೆ ಅಂತ ಕೇಳ್ತೈತೆ. ಹೇಳ್ರಿ.